ಕಣ್ಣಿಗೆ ಕಾಣದ ಸರ್ವರ್

ನಮ್ಮ ಆಫೀಸಿನಲ್ಲಿ ಭಾನುಪ್ರಿಯಳ ಬಾಯಿಗೆ ಎದುರು ನಿಲ್ಲುವವರಿಲ್ಲ. ರಾಮನಗರದ ಬೇಕರಿಯೊಂದರ ಮಹಡಿಯಲ್ಲಿರುವ ಪುಟ್ಟ ಸಾಫ್ಟ್‌ವೇರ್ ಕಂಪನಿ ನಮ್ಮದು. ಕ್ಲೌಡ್, ಎಂದರೆ ದೂರದ ಕಂಪ್ಯೂಟರುಗಳನ್ನು ಬಾಡಿಗೆಗೆ ಬಳಸುವ ವಿಷಯ ಬಂದರೆ ಅವಳು ಹೇಳಿದ್ದೇ ಕೊನೆ ಮಾತು. ಇಂಥವಳು ಅಪ್ಪನ ವಿಷಯ ಬಂದಾಗ ಮಾತ್ರ "ಹೋಟೆಲ್ ಬಿಸಿನೆಸ್" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದಳು. ನಾವೂ ಗಲ್ಲಾದ ಹಿಂದೆ ಕೂತ ಯಜಮಾನನನ್ನೇ ಊಹಿಸಿಕೊಂಡಿದ್ದೆವು. ಅವಳ ಅಪ್ಪ ಅಕ್ಕೂರಿನ ರಾಮಲಿಂಗಯ್ಯ, ಚನ್ನಪಟ್ಟಣದ ಹೋಟೆಲೊಂದರಲ್ಲಿ ಸರ್ವರ್ ಎಂಬುದು ನನಗೆ ತಿಳಿದದ್ದು ಅಲ್ಲಿಗೆ ಮೀಟಿಂಗಿಗೆ ಹೋದ ದಿನ.

ಆ ಹೋಟೆಲಿನ ಮಾಲೀಕರು ಅನಂತರಾಜು. ರಾಮನಗರ, ಕನಕಪುರದಲ್ಲೂ ಅವರ ಹೋಟೆಲುಗಳಿವೆ. ಮೊಬೈಲಿನಲ್ಲಿ ಬಂದ ಆರ್ಡರುಗಳು ನಡುದಾರಿಯಲ್ಲಿ ಕಳೆದುಹೋಗುತ್ತಿದ್ದವು. ಗಿರಾಕಿ ಹಣ ಕಟ್ಟಿ ಕಾಯುತ್ತಿದ್ದರೆ ಅಡುಗೆಮನೆಗೆ ಸುದ್ದಿಯೇ ಇರುತ್ತಿರಲಿಲ್ಲ. ಒಂದಾದ ಮೇಲೊಂದು ಕೆಲಸವನ್ನು ಮುಂದೆ ನಿಂತು ಮಾಡಿಸುವ ಕ್ಲೌಡ್ ಸೇವೆ ಅವರಿಗೆ ಬೇಕಿತ್ತು. ಯಾವುದೆಂದು ಆರಿಸುವ ಹೊಣೆ ಭಾನುಪ್ರಿಯಳದು. ಒಂದು ಸೇವೆ ಅಗ್ಗ, ಚುರುಕು. ಆದರೆ ನಡುವೆ ನಿಂತರೆ ಮತ್ತೆ ಮೊದಲಿನಿಂದ ಶುರು, ಒಬ್ಬರ ದೋಸೆ ಎರಡು ಸಲ ಹುಯ್ದಂತೆ. ಇನ್ನೊಂದು ಕೊಂಚ ದುಬಾರಿ. ಆದರೆ ನಿಂತ ಜಾಗವನ್ನು ನೆನಪಿಟ್ಟುಕೊಂಡು ಅಲ್ಲಿಂದಲೇ ಮುಂದುವರಿಯುತ್ತದೆ, ಬರುವ ವಾರದ ಮದುವೆ ಆರ್ಡರಿಗೂ ಸುಮ್ಮನೆ ಕಾಯುತ್ತದೆ. ಎರಡನ್ನೂ ಓಡಿಸಿ ನೋಡಿ ಇದನ್ನೇ ಆರಿಸಿದ್ದಳು. ಆರಿಸಿದ್ದು ಸರಿಯಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ರಾಮನಗರದಲ್ಲಿ ಎಂದಿದ್ದ ಮೀಟಿಂಗನ್ನು ಅನಂತರಾಜು ಕೊನೇ ಗಳಿಗೆಯಲ್ಲಿ ಚನ್ನಪಟ್ಟಣಕ್ಕೆ ಬದಲಿಸಿದರು. ನನ್ನ ಜೊತೆ ಹೊರಟ ಭಾನುಪ್ರಿಯ, ಫೋನಿನಲ್ಲೇ ಮುಗಿಸಬಹುದಿತ್ತು ಎಂದು ದಾರಿಯುದ್ದಕ್ಕೂ ಗೊಣಗಿದಳು.

ಹೋಟೆಲಿನ ಮಹಡಿಯಲ್ಲಿ ಕೂತಿದ್ದೆವು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ವಯಸ್ಸಾದ ಸರ್ವರ್ ಒಬ್ಬರು ನಗುನಗುತ್ತಾ ಮೆಟ್ಟಿಲು ಹತ್ತಿ ಬಂದರು. ಭಾನುಪ್ರಿಯ ಅವರನ್ನು ಕಂಡದ್ದೇ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದಳು. ಅವರ ನಗು ಅಲ್ಲೇ ನಿಂತಿತು.

"ಮೇಡಂಗೆ ಏನ್ ಕೊಡ್ಲಿ?"

"ಕಾಫಿ," ಎಂದಳು, ತಲೆ ಎತ್ತದೆ.

ಅನಂತರಾಜು ಅವಳನ್ನೂ ಸರ್ವರನ್ನೂ ಒಂದು ಸಲ ನೋಡಿದರು. ಅವಳು ತಾನು ಆರಿಸಿದ 'ಸರ್ವರ್‌ಲೆಸ್' ಸೇವೆಯ ಗುಣವನ್ನು, ಎಂದರೆ ಸರ್ವರ್ ಎಂಬ ಕಂಪ್ಯೂಟರನ್ನು ನಾವೇ ಇಟ್ಟು ನೋಡಿಕೊಳ್ಳಬೇಕಿಲ್ಲ ಎಂಬುದನ್ನು, ಬಣ್ಣಿಸತೊಡಗಿದಳು.

"ಅಲ್ಲ ಕಣಮ್ಮ, ಸರ್ವರ್‌ಲೆಸ್ ಅಂತೀಯ. ಸರ್ವರೇ ಇಲ್ದೆ ಹೋಟ್ಲು ಹೆಂಗ್ ನಡೀತದೆ?" ಎಂದು ಅನಂತರಾಜು ಕಿಚಾಯಿಸಿದರು.

"ಸರ್ವರ್ ಇದ್ದೇ ಇರ್ತಾನೆ ಸಾರ್. ನಮ್ಮ ಕಣ್ಣಿಗೆ ಕಾಣಲ್ಲ ಅಷ್ಟೆ. ಅವನ ತಲೆನೋವೂ ನಮಗಿರಲ್ಲ."

ಎಲ್ಲ ಕಡೆ ಹೇಳಿ ಹೇಳಿ ಬಾಯಿಪಾಠವಾಗಿದ್ದ ಉತ್ತರ. ನಾನು ನಕ್ಕೆ. ಕಾಫಿ ಹಿಡಿದವರು ಅವಳ ಬೆನ್ನ ಹಿಂದೆಯೇ ನಿಂತಿದ್ದರು.

"ಕೇಳುಸ್ಕೊಂಡ್ಯಾ ರಾಮಲಿಂಗಯ್ಯ?"

"ಕೇಳುಸ್ತು ಯಜಮಾನ್ರೇ." ಲೋಟವನ್ನು ಅವಳ ಮುಂದಿಟ್ಟು ಕೆಳಗಿಳಿದರು.

ಅವಳ ಆಮೇಲಿನ ಮಾತೆಲ್ಲ ತಡವರಿಸುತ್ತಾ ಮುಗಿಯಿತು. ಕೆಲಸ ನಮಗೇ ಸಿಕ್ಕಿತು. ನಾನು ಹಿಗ್ಗಿ ಕೈ ಕುಲುಕುವಾಗ ಅನಂತರಾಜು ಅವಳತ್ತ ತಿರುಗಿದರು.

"ಮೀಟಿಂಗು ಇಲ್ಲಿಗ್ಯಾಕ್ ಹಾಕ್ದೆ ಗೊತ್ತೇನವ್ವ? ನಿಮ್ಮಪ್ಪ ಬಂದು ಕೇಳ್ದ. ಮಗ್ಳು ಮಾತಾಡೋದ ಒಂದ್ಸಲ ನೋಡ್ಬೇಕು ಯಜಮಾನ್ರೇ, ಇಲ್ಲೇ ಮಡಗಿ ಅಂದ."

ನಾಚಿಕೆಯಿಂದ ಅವಳು ನೆಲ ನೋಡಿದಳು. ಏನೂ ಗೊತ್ತಿಲ್ಲದೆ ನಕ್ಕಿದ್ದ ನನಗೂ ಮೈಯೆಲ್ಲ ಹಿಡಿಯಾಯಿತು. ಲ್ಯಾಪ್‌ಟಾಪ್ ಮುಚ್ಚದೆ ಅವಳು ದಡದಡನೆ ಕೆಳಗಿಳಿದಳು, ನಾನು ಹಿಂದೆಯೇ ಹೋದೆ. ಹೋಟೆಲು ಕಿಕ್ಕಿರಿದಿತ್ತು. ರಾಮಲಿಂಗಯ್ಯ ಮೇಜು ಒರೆಸುತ್ತಿದ್ದರು.

"ಅಪ್ಪಾ," ಎಂದಳು. ಆ ಹೋಟೆಲಿನಲ್ಲಿ ಅವರನ್ನು ಹಾಗೆ ಯಾರೂ ಕರೆಯುವುದಿಲ್ಲ, ಅವರು ತಿರುಗಲಿಲ್ಲ. ಅವಳು ಇನ್ನೊಮ್ಮೆ ಜೋರಾಗಿ ಕೂಗಿದಳು. ತಿನ್ನುತ್ತಿದ್ದವರೆಲ್ಲ ತಲೆ ಎತ್ತಿದರು.

ಅವರು ತಿರುಗಿದರು. ಮಗಳಿಗಿಂತ ಮೊದಲು, ಅವಳ ಜೊತೆ ಆಫೀಸಿನಿಂದ ಬಂದು ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ನೋಡಿದರು. ನೋಡಿ, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಕೇಳಿದರು:

"ಏನ್ ಬೇಕಿತ್ತು ಮೇಡಂ?"