ಮೀಟರ್ ಬೇಯಿಸುವ ಮಾರಿಯಮ್ಮ

ಆಂಡರ್ಸನ್‌ಪೇಟೆಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಾಲಿನ ವ್ಯಾನು ಬಂದು ಹೋಗಿದೆ, ಬೇಕರಿಯ ಷಟರ್ ಅರ್ಧಕ್ಕೆ ಎದ್ದು ನಿಂತಿದೆ. ಎದುರುಗಡೆ, ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯ ಮುಂದೆ ಸಣ್ಣದೊಂದು ಗ್ಯಾಸ್ ಒಲೆ ಉರಿಯುತ್ತಿದೆ. ಒಲೆಯ ಮೇಲಿನ ಮಸಿ ಹಿಡಿದ ಪಾತ್ರೆಯಿಂದ ಹಬೆ ಏಳುತ್ತಿದೆ. ಕ್ಯಾಸಂಬಳ್ಳಿ ಕಡೆಯಿಂದ ಬಂದ ಮೊದಲ ಬಸ್ಸಿಳಿದ ಒಬ್ಬರು ಶಾಲು ಬಿಗಿದುಕೊಂಡು ನೆಟ್ಟಗೆ ಅಲ್ಲಿಗೇ ಬರುತ್ತಾರೆ. ಬೆಂಚಿನ ಮೇಲೆ ಕೂತು, "ಸ್ಟ್ರಾಂಗಾಗಿ ಒಂದ್ ಟೀ ಕೊಡಮ್ಮ, ಸಕ್ಕರೆ ಕಮ್ಮಿ" ಅನ್ನುತ್ತಾರೆ.

ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಮಾರಿಯಮ್ಮ ತಲೆ ಎತ್ತುವುದಿಲ್ಲ. ಅವರ ಕಣ್ಣು ಎಡಗೈಯಲ್ಲಿರುವ ದುಂಡನೆಯ ಮೀಟರಿನ ಮುಳ್ಳಿನ ಮೇಲಿದೆ.

"ಇದು ಟೀ ಅಲ್ಲಣ್ಣ. ಟ್ರ್ಯಾಕ್ಟರ್ ಮೀಟರ್ ಬೇಯ್ತಾ ಐತೆ."

ಬಂದವರು ಬಗ್ಗಿ ನೋಡುತ್ತಾರೆ. ನಿಜ, ಕುದಿಯುವ ನೀರಿನಲ್ಲಿ ತಂತಿ ಕಟ್ಟಿದ ಹಿತ್ತಾಳೆಯ ಒಂದು ತುಂಡು ಮುಳುಗಿದೆ, ಅದರ ಬಿಸಿಗೆ ಮೀಟರಿನ ಮುಳ್ಳು ಮೇಲೇರುತ್ತಿದೆ. "ಬೆಂದ ಮೇಲೆ ಏನ್ ಮಾಡ್ತೀರ?" ಎಂದು ಕೇಳುತ್ತಾರೆ.

"ಸರಿಯಾಗಿ ಬೆಂದ್ರೆ ಗಾಡಿಗೆ ಆಕ್ತೀನಿ. ಬೇಯದಿದ್ರೆ ಗುಜರಿಗೆ ಆಕ್ತೀನಿ."

ಅವರು ಶಾಲು ಸರಿಪಡಿಸಿಕೊಂಡು ಬೇಕರಿಯ ಕಡೆ ನಡೆಯುತ್ತಾರೆ. ಮಾರಿಯಮ್ಮನಿಗೆ ಇದು ದಿನದ ಪಾಡು. ಊರಿನವರು ಯಾರೂ ಅವರ ಹತ್ತಿರ ಟೀ ಕೇಳುವುದಿಲ್ಲ, ಹೊರಗಿನವರು ಯಾರೂ ಕೇಳದೆ ಬಿಡುವುದಿಲ್ಲ.

ಕೋಲಾರ ಚಿನ್ನದ ಗಣಿ ಪ್ರದೇಶದಿಂದ ಬಂಗಾರಪೇಟೆಯವರೆಗೆ ಯಾರಾದರೂ ಹಳೆ ಗಾಡಿ ಬಿಚ್ಚಿ ಹೊಸ ಗಾಡಿ ಕಟ್ಟುತ್ತಿದ್ದರೆ, ಕೊನೆಗೆ ಈ ಮೆಟ್ಟಿಲ ಕೆಳಗೆ ಬಂದೇ ಬರುತ್ತಾರೆ. ಜೀಪಿನ ಮೂತಿಗೆ ನೀರಿನ ಟ್ಯಾಂಕು ಕಟ್ಟಿದವರು, ಟೆಂಪೋದ ಮೇಲೆ ಜನರೇಟರ್ ಕೂರಿಸಿದವರು, ಟ್ರ್ಯಾಕ್ಟರಿನ ಎಂಜಿನ್ನಿಗೆ ಬೇರೆಯದೇ ಮೈ ತೊಡಿಸಿದವರು. ಎಂಜಿನ್ ಬಿಸಿಯಾಯಿತೇ, ಆಯಿಲ್ ಓಡುತ್ತಿದೆಯೇ, ಬ್ಯಾಟರಿ ತುಂಬುತ್ತಿದೆಯೇ, ಡೀಸೆಲ್ ಎಷ್ಟಿದೆ ಎಂದು ಹೇಳುವ ಮೀಟರುಗಳನ್ನು ಆರಿಸಿ, ಕಾಸಿ, ಒತ್ತಿ, ಪರೀಕ್ಷೆ ಮಾಡಿ ಕೂರಿಸಿಕೊಡುವುದು ಮಾರಿಯಮ್ಮನ ಕೆಲಸ. ಕಡಿಮೆ ಬೆಲೆಗೆ ನಂಬುವಂಥ ಮೀಟರು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ, "ಎಲ್ಲೂ ಸಿಗಲ್ಲ. ಸಿಕ್ಕಿದ್ದನ್ನ ನಂಬಂಗೆ ಮಾಡ್ಬೇಕು" ಅನ್ನುತ್ತಾರೆ.

ಅಸಲಿಗೆ ಈ ಅಂಗಡಿ ಅವರ ಗಂಡ ವೇಣು ಅವರದ್ದು. ಅವರ ಕಾಲದಲ್ಲಿ ಅಂಗಡಿಗೆ ಒಳ್ಳೆಯ ಹೆಸರಿತ್ತು, ಯಾಕೆಂದರೆ ವೇಣು ರಿಪೇರಿ ಮಾಡಿದ ಡೀಸೆಲ್ ಮೀಟರು ಯಾವಾಗಲೂ ಫುಲ್ ತೋರಿಸುತ್ತಿತ್ತು. ಗಿರಾಕಿಗಳು ಸಂತೋಷದಿಂದ ಹೋಗುತ್ತಿದ್ದರು, ಮುಂದಿನ ವಾರ ಬೂದಿಕೋಟೆ ರಸ್ತೆಯಲ್ಲಿ ಗಾಡಿ ತಳ್ಳಿಕೊಂಡು ವಾಪಸು ಬರುತ್ತಿದ್ದರು. ಒಮ್ಮೆ ವೇಣು ಕಾಲು ಮುರಿದುಕೊಂಡು ಮಲಗಿದಾಗ, ಬಂದವರಿಗೆ "ನಾಳೆ ಬನ್ನಿ" ಎಂದು ಹೇಳಲು ಮಾರಿಯಮ್ಮ ಅಂಗಡಿಯಲ್ಲಿ ಕೂತರು. ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. ಒಂದು ಮೀಟರು ಬಿಚ್ಚಿದರು, ಕೂಡಿಸಿದರು, ಮತ್ತೆ ಬಿಚ್ಚಿದರು. ಗಂಡನ ಕಾಲು ಕೂಡಿಕೊಳ್ಳುವ ಹೊತ್ತಿಗೆ ಅಂಗಡಿ ಅವರದ್ದಾಗಿತ್ತು.

"ನಾನೇ ಬಿಟ್ಕೊಟ್ಟೆ ಅಂತ ಬರ್ಕೊಳ್ಳಿ" ಅನ್ನುತ್ತಾರೆ ಈಗ ಆಟೋ ಓಡಿಸುವ ವೇಣು.

"ಬರ್ಕೊಳ್ಳಿ ಬರ್ಕೊಳ್ಳಿ. ಅದೂ ಫುಲ್ ತೋರ್ಸೋ ಮೀಟರೇ" ಅನ್ನುತ್ತಾರೆ ಮಾರಿಯಮ್ಮ.

ಮೊದಮೊದಲು ಬಂದ ಗಿರಾಕಿಗಳೆಲ್ಲ ಅವರನ್ನು ದಾಟಿ ಒಳಗೆ ಇಣುಕಿ, "ಅಣ್ಣ ಇಲ್ವಾ?" ಎನ್ನುತ್ತಿದ್ದರು. ಒಳಗೆ ಇಣುಕಲು ಜಾಗವೇ ಇಲ್ಲದ ಅಂಗಡಿ ಅದು. ಮೆಟ್ಟಿಲ ಇಳಿಜಾರಿಗೆ ತಲೆ ತಗುಲದಂತೆ ಬಗ್ಗಿ ಬಗ್ಗಿ ಮಾರಿಯಮ್ಮನ ಬೆನ್ನಿಗೆ ನೋವು ಕಾಯಂ ಆಗಿದೆ, ಸಣ್ಣ ಮುಳ್ಳುಗಳನ್ನು ದಿಟ್ಟಿಸಿ ಕಣ್ಣಿಗೆ ಕನ್ನಡಕ ಬಂದಿದೆ. ಮಳೆ ಬಂದರೆ ಒಲೆ ಒಳಗೆ, ಅವರು ಹೊರಗೆ.

ಅವರ ಕೈಗುಣ ನಿಜವಾಗಿ ಪರೀಕ್ಷೆಗೆ ನಿಂತದ್ದು ಹೋದ ಸುಗ್ಗಿಯಲ್ಲಿ.

ಬೂದಿಕೋಟೆ ಪಕ್ಕದ ಬೈರೇಶ್ ಮತ್ತು ಅವನ ಹೆಂಡತಿ ಅರುಣಕುಮಾರಿ ಒಂದು ಗಾಡಿ ಕಟ್ಟಿಸುತ್ತಿದ್ದರು. ಮುಂದೆ ಹಳೆ ಜೀಪು, ಹಿಂದೆ ಮಿನಿ ಲಾರಿಯ ಮೈ, ಅದರ ಮೇಲೆ ರಾಗಿ ಬೀಸುವ ಗಿರಣಿ. ಗಾಡಿ ಓಡಿಸುವ ಎಂಜಿನ್ನೇ, ಗಾಡಿ ನಿಂತಾಗ ಗಿರಣಿಯನ್ನೂ ತಿರುಗಿಸಬೇಕು. ಊರೂರಿಗೆ ಹೋಗಿ ಮನೆ ಬಾಗಿಲಲ್ಲೇ ಹಿಟ್ಟು ಮಾಡಿಕೊಡುವ ಯೋಚನೆ ಅರುಣಕುಮಾರಿಯದು. ಅದಕ್ಕಾಗಿ ತನ್ನ ಎರಡು ಕರೆಯುವ ಹಸುಗಳನ್ನು ಮಾರಿದ್ದಳು. ಎಂಜಿನ್ ಕೆಟ್ಟರೆ ಹಸುವೂ ಇಲ್ಲ, ಹಿಟ್ಟೂ ಇಲ್ಲ.

ಮೀಟರು ಆರಿಸಲು ಇಬ್ಬರೂ ಬಂದರು. ಬೈರೇಶ್ ಫೋನು ತೆಗೆದು ಒಂದು ಚಿತ್ರ ತೋರಿಸಿದ. ನೀಲಿ ಬೆಳಕಿನ ಮೀಟರುಗಳ ಸಾಲು, ನಡುವೆ ಇನ್ನೂರ ನಲವತ್ತರವರೆಗೆ ಅಂಕಿ ಇರುವ ಸ್ಪೀಡು ಮೀಟರು.

"ಅಕ್ಕ, ಇಂಥದೇ ಬೇಕು" ಎಂದ.

"ಇನ್ನೂರ ನಲವತ್ತು ಸ್ಪೀಡಲ್ಲಿ ಎಲ್ಲಿಗ್ ಓಗ್ತೀಯಪ್ಪ?" ಎಂದರು ಮಾರಿಯಮ್ಮ.

"ಓಗಲ್ಲ ಅಕ್ಕ. ಇರ್ಲಿ ಅಂತ."

"ನಿನ್ ಗಾಡಿ ಅರ್ಧ ದಿನ ನಿಂತ್ಕೊಂಡೇ ದುಡೀತೈತೆ. ಸ್ಪೀಡಿಗೆ ಜೀಪಿನ ಹಳೇ ಮೀಟರೇ ಸಾಕು. ನಿಂತಾಗ ಎಂಜಿನ್ ಸಾಯ್ದೆ ಇರೋಕೆ ಏನ್ ಬೇಕೋ ಅದು ಕೇಳು."

ಆಗ ಅರುಣಕುಮಾರಿ ಬಾಯಿ ಬಿಟ್ಟಳು. "ಅಕ್ಕ, ಗಿರಣಿ ತಾವ ನಿಂತ್ಕೊಳ್ಳೋಳು ನಾನು. ಅಲ್ಲಿಂದ ನಂಗೆ ಕಾಣ್ಬೇಕು."

ಮಾರಿಯಮ್ಮ ಕನ್ನಡಕ ತೆಗೆದು ಆ ಹುಡುಗಿಯನ್ನು ಸರಿಯಾಗಿ ನೋಡಿದರು. ಇಷ್ಟು ವರ್ಷಗಳಲ್ಲಿ ಬಂದ ಗಿರಾಕಿಗಳು ಬಣ್ಣ ಕೇಳಿದ್ದಾರೆ, ಬೆಳಕು ಕೇಳಿದ್ದಾರೆ, ದರ ಇಳಿಸಿ ಅಂದಿದ್ದಾರೆ. ನಿಂತಲ್ಲಿಂದ ಕಾಣುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ.

ಅರುಣಕುಮಾರಿಯನ್ನು ರಸ್ತೆಯಾಚೆ ಬೇಕರಿಯ ಮುಂದೆ ನಿಲ್ಲಿಸಿದರು. ತಾವು ಈಚೆ ನಿಂತು ಒಂದೊಂದೇ ಮೀಟರು ಎತ್ತಿ ಹಿಡಿದರು. ಮುಳ್ಳು ಎಲ್ಲಿದೆ ಎಂದು ಅವಳು ಕೂಗಿ ಹೇಳಬೇಕು. ನಡುವೆ ಆಟೋಗಳು ಹಾದುಹೋದವು. ಬೇಕರಿಯಲ್ಲಿ ಬನ್ನು ತಿನ್ನುತ್ತಿದ್ದವರೂ ಸೇರಿಕೊಂಡು, "ನಡುಮಧ್ಯೆ", "ಇಲ್ಲ, ಎಡಕ್ಕೆ" ಎಂದು ಕೂಗತೊಡಗಿದರು. ಯಾವುದೋ ಲಾಟರಿ ನಡೆಯುತ್ತಿದೆ ಎಂದುಕೊಂಡು ಇನ್ನಷ್ಟು ಜನ ನಿಂತರು. ಕೊನೆಗೆ ಎಲ್ಲರಿಗೂ ಕಂಡದ್ದು ಗುಜರಿಗೆ ಬಿದ್ದ ಬಸ್ಸೊಂದರ ಮೀಟರುಗಳು. ತಟ್ಟೆಯಷ್ಟು ಅಗಲ, ಬಿಳಿ ಮುಖ, ದಪ್ಪ ಕರಿ ಮುಳ್ಳು. ಬೆಲೆ ಹೊಸದರ ಕಾಲು ಭಾಗವೂ ಇಲ್ಲ.

"ಸತ್ತ ಬಸ್ಸಿಂದು" ಎಂದು ಬೈರೇಶ್ ಮುಖ ಕಿವುಚಿದ.

"ಬಸ್ ಸತ್ತಿದ್ದು ಕೊನೇಗೆ. ಅಲ್ಲೀವರ್ಗೂ ಇದೇ ಕಾಪಾಡ್ತು" ಎಂದರು ಮಾರಿಯಮ್ಮ. ಬಿಸಿಯ ಮೀಟರನ್ನು ಬೇಯಿಸಿದರು, ಆಯಿಲ್ ಪ್ರೆಶರಿನದನ್ನು ಸೈಕಲ್ ಶಾಪಿನ ಪಂಪಿನಿಂದ ಗಾಳಿ ಹೊಡೆದು ನೋಡಿದರು. ಡೀಸೆಲ್ ಮೀಟರಿಗೆ, ಟ್ಯಾಂಕಿನೊಳಗೆ ತೇಲುವ ಅದರದೇ ಗುಂಡನ್ನು ಹುಡುಕಿ ಜೊತೆ ಮಾಡಿದರು. "ಮೇಲೆ ಮುಳ್ಳು, ಕೆಳಗೆ ಸೆನ್ಸರು. ಇವೆರಡಕ್ಕೂ ಜಾತಕ ಕೂಡ್ಬೇಕು. ಒಂದೊಂದು ಕಡೆಯಿಂದ ಒಂದೊಂದು ತಂದು ಕಟ್ಟಿದ್ರೆ ಸಂಸಾರ ಮಾಡಲ್ಲ, ಸುಳ್ಳು ಏಳ್ತವೆ" ಎಂದು ಅರುಣಕುಮಾರಿಗೆ ಕಲಿಸಿದರು. ಆಯಿಲ್ ಮುಳ್ಳು ಬಿದ್ದರೆ ಯಾರನ್ನೂ ಕೇಳದೆ ಮೊದಲು ಎಂಜಿನ್ ನಿಲ್ಲಿಸಬೇಕು ಎಂದೂ ಹೇಳಿಕೊಟ್ಟರು.

ಗಾಡಿ ಶುರುಮಾಡುವ ದಿನ ಮಾರಿಯಮ್ಮನೂ ಬಸ್ಸು ಹತ್ತಿ ಹೋದರು. ಅರಳಿಕಟ್ಟೆಯ ಮುಂದೆ ಗಾಡಿ ಹೂ ಮುಡಿದು ನಿಂತಿತ್ತು. ಊರಿನ ಹೆಂಗಸರು ರಾಗಿ ಚೀಲ, ಡಬ್ಬ ಹಿಡಿದು ಸಾಲಾಗಿದ್ದರು. ಡ್ಯಾಶ್‌ಬೋರ್ಡ್ ನೋಡಿದ ಮಾರಿಯಮ್ಮನ ಹುಬ್ಬು ಗಂಟಾಯಿತು. ಬಸ್ಸಿನ ಆಯಿಲ್ ಮೀಟರಿನ ಪಕ್ಕದಲ್ಲೇ ನೀಲಿ ಬೆಳಕಿನದೊಂದು ಪುಟ್ಟ ಆಯಿಲ್ ಮೀಟರು ಮಿನುಗುತ್ತಿತ್ತು. ಬೈರೇಶ್ ಗುಟ್ಟಾಗಿ ತರಿಸಿ, ಕೈಗೆ ಸಿಕ್ಕಿದ ಸೆನ್ಸರಿಗೆ ತಾನೇ ತಂತಿ ಸೇರಿಸಿದ್ದ.

"ಒಂದಕ್ಕೊಂದು ಜೊತೆಗಿರ್ಲಿ ಅಂತ ಅಕ್ಕ" ಎಂದ.

ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ, ಮತ್ತೆ ನಿಲ್ಲಿಸಿ, ಗಿರಣಿ ಹೂಡಿದರು. ಮೊದಲ ಚೀಲ ಊರಿನ ಹಿರಿಯ ದೊಡ್ಡವೆಂಕಟಪ್ಪನವರದು. ಗಿರಣಿಯ ಸದ್ದಿಗೆ ಅರಳಿಮರದ ಕಾಗೆಗಳೆಲ್ಲ ಎದ್ದುಹೋದವು. ಹಿಟ್ಟು ಬೀಳತೊಡಗಿತು. ಎರಡನೆಯ ಚೀಲಕ್ಕೆ ಅರುಣಕುಮಾರಿ ಕೈಹಾಕಿದ್ದಳು, ಅಷ್ಟರಲ್ಲಿ ಬಸ್ಸಿನ ಮೀಟರಿನ ದಪ್ಪ ಮುಳ್ಳು ಮೆಲ್ಲಗೆ ಜಾರಿ, ಸೊನ್ನೆಯ ಮೇಲೆ ಹೋಗಿ ಮಲಗಿತು. ಪಕ್ಕದ ನೀಲಿ ಮೀಟರು ಮಾತ್ರ ಎಲ್ಲ ಸುಖವಾಗಿದೆ ಎಂದು ತೋರಿಸುತ್ತಿತ್ತು.

"ನೋಡಿ ಅಕ್ಕ, ನಿಮ್ ಬಸ್ಸು ಮತ್ತೆ ಸತ್ತೋಯ್ತು" ಎಂದ ಬೈರೇಶ್. ಬೆರಳಿನಿಂದ ಗಾಜು ತಟ್ಟಿದ. ಮುಳ್ಳು ಏಳಲಿಲ್ಲ.

ದೊಡ್ಡವೆಂಕಟಪ್ಪ ಕಟ್ಟೆಯಿಂದ ಇಳಿದು ಬಂದು ಎರಡನ್ನೂ ನೋಡಿದರು. "ಬೆಳಕಿರೋದು ನಿಜ ಏಳ್ತೈತೆ ಕಣ್ಲಾ. ಕತ್ಲಲ್ಲಿರೋದಕ್ಕೆ ಏನ್ ಕಾಣ್ತೈತೆ?" ಎಂದು ತೀರ್ಪು ಕೊಟ್ಟರು. ಅವರ ಹಿಟ್ಟು ಆಗಲೇ ಆಗಿತ್ತು. ಸಾಲಿನಲ್ಲಿದ್ದ ಹೆಂಗಸರೂ ನೀಲಿಯ ಪಕ್ಷವೇ. ಹಿಟ್ಟು ನಿಲ್ಲಬಾರದಲ್ಲ.

ಮಾರಿಯಮ್ಮನಿಗೂ ಅನುಮಾನ ಬಂತು. ಹಳೆಯದು ತಾನೇ, ಎಲ್ಲೋ ಕೊಳವೆ ಕಟ್ಟಿಕೊಂಡಿರಬಹುದೇ? ಪಂಪಿನಲ್ಲಿ ಒಂದು ಸಲ ನೋಡಿದ್ದು ಸಾಲದಾಗಿತ್ತೇ? ಅವರ ಕೈ ತಾನಾಗಿಯೇ ಮುಂದೆ ಹೋಗಿ, ಬೈರೇಶನ ಹಾಗೆಯೇ ಗಾಜಿನ ಮೇಲೆ ಟಕ್ ಟಕ್ ಎಂದು ತಟ್ಟಿತು.

ಅಷ್ಟರಲ್ಲಿ ಎಂಜಿನ್ನು ನಿಂತುಹೋಯಿತು. ಗಿರಣಿಯ ಸದ್ದು ಉಸಿರು ಬಿಟ್ಟಂತೆ ಇಳಿಯಿತು. ಅರುಣಕುಮಾರಿ ಹಿಟ್ಟು ಮೆತ್ತಿದ ಕೈಯಲ್ಲೇ ಹಿಂದಿನಿಂದ ಬಂದು ಎಂಜಿನ್ ಆಫ್ ಮಾಡಿದ್ದಳು.

"ಯಾಕೆ ನಿಲ್ಸಿದೆ?" ಎಂದು ಬೈರೇಶ್ ಸಿಡುಕಿದ.

"ಮುಳ್ಳು ಬಿದ್ರೆ ಯಾರ್ನೂ ಕೇಳ್ಬೇಡ ಅಂತ ಅಕ್ಕ ಯೋಳವ್ರೆ. ನಾನ್ ಅಕ್ಕನ್ನೂ ಕೇಳ್ಲಿಲ್ಲ."

ಗಿರಣಿ ನಿಂತ ಮೌನದಲ್ಲಿ ಎಲ್ಲರಿಗೂ ಒಂದು ಸದ್ದು ಕೇಳಿಸಿತು, ತೊಟ್ಟಿಕ್ಕುವ ಸದ್ದು. ಬೈರೇಶ್ ಹೊಸ ಬಿಳಿ ಪಂಚೆಯಲ್ಲೇ ಗಾಡಿಯ ಕೆಳಗೆ ತೂರಿದ. ಸ್ವಲ್ಪ ಹೊತ್ತಿಗೆ ಹೊರಗೆ ಬಂದಾಗ ಹಲ್ಲು ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿತ್ತು. ಕೈಯಲ್ಲಿ ಎಂಜಿನ್ನಿನ ಅಡಿಯಲ್ಲಿ ಆಯಿಲ್ ಇಳಿಸುವ ತೂತಿನ ಬೋಲ್ಟಿತ್ತು. ಬೆಳಿಗ್ಗೆ ಆಯಿಲ್ ಬದಲಿಸುವಾಗ ಮುಹೂರ್ತ ಮೀರುತ್ತದೆಂದು ಅದನ್ನು ಕೈಯಲ್ಲೇ ತಿರುಗಿಸಿ ಬಿಟ್ಟಿದ್ದನಂತೆ, ಸ್ಪ್ಯಾನರ್ ಹಾಕಿರಲಿಲ್ಲ. ಗಿರಣಿಯ ನಡುಕಕ್ಕೆ ಅದು ಕಳಚಿ, ಎಂಜಿನ್ನಿನ ಆಯಿಲ್ಲೆಲ್ಲ ಅರಳಿಕಟ್ಟೆಯ ಮಣ್ಣಿಗೆ ಅಭಿಷೇಕವಾಗಿತ್ತು. ಇನ್ನೆರಡು ಚೀಲ ಬೀಸಿದ್ದರೆ ಎಂಜಿನ್ನು ಒಳಗೇ ಹಿಡಿದುಕೊಂಡು ಕೆಟ್ಟುಹೋಗುತ್ತಿತ್ತು.

ಬೋಲ್ಟು ಬಿಗಿಸಿ, ಹೊಸ ಆಯಿಲ್ ತಂದು ಹಾಕಿ ಸ್ಟಾರ್ಟ್ ಮಾಡಿದಾಗ ದಪ್ಪ ಮುಳ್ಳು ಎದ್ದು ನಿಂತಿತು. ನೀಲಿ ಮೀಟರು ಮೊದಲು ತೋರಿಸಿದ್ದನ್ನೇ ತೋರಿಸುತ್ತಿತ್ತು. ಎಂಜಿನ್ನು ನಿಂತಿದ್ದಾಗಲೂ ಅದನ್ನೇ ತೋರಿಸುತ್ತಿತ್ತು ಎಂಬುದು ಆಮೇಲೆ ಎಲ್ಲರಿಗೂ ನೆನಪಾಯಿತು.

"ನಾನ್ ಅವಾಗ್ಲೇ ಅಂದೆ" ಎಂದರು ದೊಡ್ಡವೆಂಕಟಪ್ಪ. ಏನು ಅಂದಿದ್ದರು ಎಂದು ಯಾರೂ ಕೇಳಲಿಲ್ಲ.

ಈಗ ಬೈರೇಶ್ ಆ ನೀಲಿ ಮೀಟರಿಗೆ ದೇವರ ಪಟದ ಹಾರ ತೂಗುಹಾಕಿದ್ದಾನೆ. ಹಾರ ತೂಗುಹಾಕಲು ಮಾತ್ರ ಬಹಳ ಗಟ್ಟಿಮುಟ್ಟು ಎಂದು ಹೊಗಳುತ್ತಾನೆ. ಅರುಣಕುಮಾರಿಯ ಗಿರಣಿ ದಿನಕ್ಕೊಂದು ಊರು ಸುತ್ತುತ್ತದೆ.

ಈ ಕಥೆಯನ್ನು ಮಾರಿಯಮ್ಮ ಹೇಳುವಾಗ ತಾವು ಗಾಜು ತಟ್ಟಿದ್ದನ್ನು ಮುಚ್ಚಿಡುವುದಿಲ್ಲ. "ಆ ಹುಡುಗಿ ನನ್ನನ್ನೂ ನಂಬ್ಲಿಲ್ಲ, ಮೀಟರ್ ನಂಬಿದ್ಲು. ಅಂಥೋಳ್ಗೆ ಕಟ್ಕೊಟ್ಟಿದ್ದು ಸಾರ್ಥಕ" ಅನ್ನುತ್ತಾರೆ. ಅವರಿಗೆ ಏನಾದರೂ ಆಸೆ ಉಂಟೇ ಎಂದು ಕೇಳಿದರೆ ನಾಚಿಕೊಳ್ಳುತ್ತಾರೆ. ಇಷ್ಟು ಗಾಡಿಗಳಿಗೆ ಮೀಟರು ಕಟ್ಟಿಕೊಟ್ಟಿದ್ದಾರೆ, ಗಾಡಿ ರಸ್ತೆಯಲ್ಲಿ ಓಡುತ್ತಿರುವಾಗ ಅವುಗಳ ಮುಳ್ಳು ಹೇಗೆ ಕಾಣುತ್ತದೆಂದು ಒಮ್ಮೆಯೂ ನೋಡಿಲ್ಲ. ಕಟ್ಟಿದ ಕೂಡಲೇ ಗಾಡಿ ಹೊರಟುಹೋಗುತ್ತದೆ. ಮುಂದಿನ ಸೀಟಿನಲ್ಲಿ ಕೂತು ಬಂಗಾರಪೇಟೆಯವರೆಗೆ ಒಮ್ಮೆ ಹೋಗಿಬರಬೇಕು, ಅಷ್ಟೇ.

ಈ ಮಾತು ಅರುಣಕುಮಾರಿಯ ಕಿವಿಗೆ ಬಿತ್ತು. ಹೋದ ವಾರ ಗಿರಣಿಯ ಬೆಲ್ಟು ತರಲು ಬಂಗಾರಪೇಟೆಗೆ ಹೊರಟವಳು ಆಂಡರ್ಸನ್‌ಪೇಟೆಗೆ ಸುತ್ತುಹಾಕಿ ಬಂದು ಹಾರ್ನ್ ಮಾಡಿದಳು. ಮಾರಿಯಮ್ಮ ಒಲೆ ಆರಿಸಿ, ಸೀರೆ ಕೊಡವಿಕೊಂಡು ಮುಂದಿನ ಸೀಟು ಹತ್ತಿದರು. ಸಂಜೆ ವಾಪಸು ಬಂದು ಇಳಿದಾಗ ವೇಣು ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು.

"ಎಂಗಿತ್ತು ಬಂಗಾರಪೇಟೆ?" ಎಂದು ಕೇಳಿದರು.

ಮಾರಿಯಮ್ಮ ಮೆಟ್ಟಿಲಿಗೆ ತಲೆ ತಗುಲದಂತೆ ಬಗ್ಗಿ ಒಳಗೆ ಹೋಗುತ್ತಾ ಹೇಳಿದರು, "ಓಗ್ತಾ ಬರ್ತಾ ಮುಳ್ಳು ಎಂಬತ್ತು ಡಿಗ್ರಿ ದಾಟ್ಲೇ ಇಲ್ಲ."