ಕಂಪ್ಯೂಟರನ್ನು ಹಳೆಯದಕ್ಕೆ ಮರಳಿಸಿದ ಮಧ್ಯಾಹ್ನ

ನಾಗಪ್ಪಣ್ಣ, ಪ್ರಭಾಕರ ನಿಮ್ಮನ್ನು ಹೊಡೆದ ದೃಶ್ಯ ನಮ್ಮ ಅಂಗಡಿಯ ಕಂಪ್ಯೂಟರಿನಿಂದ ತಾನಾಗಿ ಅಳಿಸಿಹೋಗಲಿಲ್ಲ. ನಾನು ಅಳಿಸಿದೆ. ತಿಳಿದು, ಬೇಕೆಂದೇ ಅಳಿಸಿದೆ — ಮತ್ತು ಅಂದಿನಿಂದ ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳುತ್ತ ಬಂದಿದ್ದೇನೆ.

ಇದನ್ನು ಸರಿಯಾಗಿ ಹೇಳಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಹೊಳನಗದ್ದೆಯ ನಮ್ಮ ಮನೆಯಲ್ಲಿ ಪದವಿ ಪಡೆದವನು ನಾನೊಬ್ಬನೇ. ಮಾತಿನಲ್ಲಿ ತಪ್ಪಾಗಬಾರದೆಂಬ ಅಂಜಿಕೆ ಮೊದಲಿನಿಂದಲೂ ಇದೆ. ಆದರೆ ಈ ವಿಷಯದಲ್ಲಿ ನನ್ನ ವಾಕ್ಯಗಳು ನೆಟ್ಟಗಾದಷ್ಟೂ ಸತ್ಯ ಓರೆಯಾಗುತ್ತಿತ್ತು.

ಕುಮಟೆಯಲ್ಲಿ ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಗೂ ಪ್ರಭಾಕರನ ಹಾರ್ಡ್‌ವೇರ್ ಅಂಗಡಿಗೂ ನಡುವೆ ಒಂದು ಗೋಡೆ ಮಾತ್ರ. ಆ ದಿನ ನೀವು ಒಬ್ಬ ಅಜ್ಜಿಯನ್ನು ಇಳಿಸಲೆಂದು ಅವನ ಅಂಗಡಿಯೆದುರು ರಿಕ್ಷಾ ನಿಲ್ಲಿಸಿದಿರಿ. ಅಜ್ಜಿ ಇಳಿದು ಹೋಗುವಷ್ಟರಲ್ಲಿ ಸಿಮೆಂಟು ತಂದ ಲಾರಿಗೆ ರಿಕ್ಷಾ ಅಡ್ಡವಾಯಿತು. ನಿನ್ನಪ್ಪನ ರಸ್ತೆಯೇನೋ ಎಂದು ಅವನು ಕೇಳಿದ. ನಿನ್ನಪ್ಪನದೂ ಅಲ್ಲವಲ್ಲ ಎಂದು ನೀವು ನಕ್ಕಿರಿ. ಆ ನಗು ಅವನಿಗೆ ಸಾಕಾಯಿತು. ರಾಶಿಯಿಂದ ಒಂದು ಕಬ್ಬಿಣದ ಸರಳನ್ನು ಎಳೆದುಕೊಂಡು ಬಂದವನು ಮೊದಲ ಏಟನ್ನು ನಿಮ್ಮ ಭುಜಕ್ಕೆ ಹಾಕಿದ. ನೀವು ಬಾಗಿದಾಗ ಬೆನ್ನಿಗೆ. ಬಿದ್ದ ಮೇಲೂ ಬೆನ್ನಿಗೆ, ತಲೆಗೆ — ಒದ್ದೆ ಗೋಣಿಯನ್ನು ಬಡಿದಂಥ ಸದ್ದು. ಲಾರಿಯವರು ನೋಡುತ್ತ ನಿಂತಿದ್ದರು. ರಕ್ತ ಕಣ್ಣಿಗೆ ಇಳಿದು, ದಾರಿ ಕಾಣದೆ, ನೀವು ತೆವಳುತ್ತ ನಮ್ಮ ಮೆಟ್ಟಿಲಿನ ಕಡೆಗೆ ಬಂದಿರಿ.

ನಾನು ಹೆದರಿ ಶಟರು ಎಳೆದುಕೊಂಡು ಒಳಗಿದ್ದೆ ಎಂದು ನಿಮಗೂ ಪೊಲೀಸರಿಗೂ ಹೇಳಿದ್ದೇನೆ. ಅದು ನಿಜ. ಪೂರ್ತಿ ನಿಜವಲ್ಲ.

ಮರುದಿನ ಸಂಜೆ ಬಂದು ನಮ್ಮ ಅಂಗಡಿಯ ಕೆಮರಾದ ದೃಶ್ಯ ಒಯ್ಯುತ್ತೇವೆಂದು ಠಾಣೆಯಿಂದ ಫೋನು ಬಂತು. ಅವರು ಬರುವ ಮೊದಲೇ, ಮರುದಿನ ಬೆಳಿಗ್ಗೆ, ಪ್ರಭಾಕರ ಬಂದ. ಬೈಯಲಿಲ್ಲ. ಕೌಂಟರಿಗೆ ಒರಗಿ ನಿಂತು, ಸಲಿಗೆಯಿಂದೆಂಬಂತೆ ಹೇಳಿದ —

"ತಮಾ, ಅವ್ನ ಬೆನ್ನು ಮುರದದ್ದು ನಾನು, ಹೌದು. ಬೆರಳು ಮುರದದ್ದು ಯಾರು? ನಿನ್ನ ಕೆಮರಾ ಇಬ್ರನ್ನೂ ತೋರಸ್ತದೆ. ಓದಿದವ ನೀನು, ನಿಂಗೆ ನಾ ಎಂತಾ ಹೇಳುದು."

ಅದಕ್ಕೆ ಕೆಲವೇ ದಿನಗಳ ಹಿಂದೆ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿದ್ದೆವು. ಅದರಲ್ಲಿ ನಮ್ಮ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶ ಸರಿಯಾಗಿ ಓಡುತ್ತಿರಲಿಲ್ಲ. ಮದುವೆ ಕರೆಯೋಲೆಯ ಕಾಗದಗಳಲ್ಲಿ ಒತ್ತಕ್ಷರಗಳು ಕಳಚಿ ಬೀಳುತ್ತಿದ್ದವು. ಹಳೆಯದಕ್ಕೇ ಮರಳಿಸು ಎಂದು ಯಜಮಾನರು ಹೊನ್ನಾವರದಿಂದ ಫೋನಿನಲ್ಲಿ ಹೇಳಿಯೂ ಇದ್ದರು. ಮರಳಿಸಲು ಎರಡು ದಾರಿಗಳಿದ್ದವು. ಹೊಸದನ್ನು ಹಾಕಿದ ಮೊದಲ ಕೆಲವು ದಿನ ಕಂಪ್ಯೂಟರೇ ಹಿಂದಕ್ಕೆ ಹೋಗುವ ಆಯ್ಕೆ ಕೊಡುತ್ತದೆ. ಅದನ್ನು ಒತ್ತಿದರೆ ಫೈಲುಗಳು ಇದ್ದಲ್ಲೇ ಇರುತ್ತವೆ. ಇನ್ನೊಂದು — ಸಿ ಡ್ರೈವನ್ನು ಪೂರ್ತಿ ಅಳಿಸಿ ಹಳೆಯ ವಿಂಡೋಸನ್ನು ಮೊದಲಿನಿಂದ ಹಾಕುವುದು. ಡಿ ಡ್ರೈವಿನ ತುಂಬ ಮದುವೆ ಕಾಗದಗಳಿದ್ದುದರಿಂದ ಕೆಮರಾದ ದೃಶ್ಯಗಳು ಸಿ ಡ್ರೈವಿನಲ್ಲೇ ಉಳಿಯುವಂತೆ ಮಾಡಿದವನು ನಾನೇ. ಒತ್ತಕ್ಷರಗಳಿಗೆ ಮೊದಲ ದಾರಿ ಸಾಕಾಗುತ್ತಿತ್ತು.

ಊಟದ ಹೊತ್ತಿಗೆ, ಅಳಿಸುವ ಮೊದಲು, ಒಮ್ಮೆ ನೋಡಿದೆ. ಮೆಟ್ಟಿಲಿನ ಮೇಲಿನ ಕೆಮರಾ, ಶಬ್ದವಿಲ್ಲದ ದೃಶ್ಯ. ನೀವು ತೆವಳಿ ಬರುತ್ತೀರಿ. ನಿಮ್ಮ ಬಲಗೈ ನಮ್ಮ ಹೊಸ್ತಿಲನ್ನು ಹಿಡಿಯುತ್ತದೆ. ನಾನು ಬಾಗಿಲಿಗೆ ಬರುತ್ತೇನೆ, ತಲೆ ತಗ್ಗಿಸಿ ಆ ಕೈಯನ್ನು ನೋಡುತ್ತೇನೆ — ಹೌದು, ನೋಡುತ್ತೇನೆ — ಮತ್ತು ಮೈಯ ಭಾರವನ್ನೆಲ್ಲ ಹಾಕಿ ಶಟರು ಎಳೆಯುತ್ತೇನೆ. ಅದು ಮುಚ್ಚುವುದಿಲ್ಲ. ಬೆರಳುಗಳು ಅಡ್ಡ ಬಂದಿವೆ. ತುಸು ಎತ್ತಿ ನಿಮ್ಮ ಕೈಯನ್ನು ಸರಿಸಬಹುದಿತ್ತು. ನಿಮ್ಮನ್ನೇ ಒಳಗೆ ಎಳೆದುಕೊಳ್ಳಬಹುದಿತ್ತು. ತುಸು ಎತ್ತಿದೆ — ಮತ್ತೆ ಇನ್ನೂ ಜೋರಾಗಿ ಎಳೆಯಲಿಕ್ಕೆ.

ಎಲ್ಲ ಮಾಹಿತಿಯೂ ಅಳಿಸಿಹೋಗುತ್ತದೆ, ಮುಂದುವರಿಯಬೇಕೇ ಎಂದು ಕಂಪ್ಯೂಟರು ಕೇಳಿತು. ನಾನು ಎರಡನೆಯ ದಾರಿ ಹಿಡಿದೆ.

ಸಂಜೆ ಬಂದ ಪೊಲೀಸರಿಗೆ ಒತ್ತಕ್ಷರ ಕಳಚಿದ ಮದುವೆ ಕಾಗದಗಳನ್ನು ತೋರಿಸಿದೆ. ಯಜಮಾನರೂ ಹೌದೆಂದರು. ಲಾರಿಯವರು ಏನೂ ಕಂಡಿಲ್ಲವೆಂದರು. ಇಬ್ಬರೂ ಹೊಡೆದಾಡಿಕೊಂಡರು, ನಾಗಪ್ಪ ಬಿದ್ದು ಕೈ ಮುರಿದುಕೊಂಡ ಎಂಬ ಪ್ರಭಾಕರನ ಮಾತಿಗೆ ಎದುರಾಗಿ ನಿಮ್ಮ ಮಾತೊಂದನ್ನು ಬಿಟ್ಟು ಬೇರೆ ಸಾಕ್ಷಿ ಇರಲಿಲ್ಲ. ಕೇಸು ನಿಲ್ಲಲಿಲ್ಲ. ನಿಮ್ಮ ಎರಡು ಬೆರಳುಗಳನ್ನು ತೆಗೆದರು, ಉಳಿದವು ಮಡಚುವುದಿಲ್ಲ. ರಿಕ್ಷಾದ ಹ್ಯಾಂಡಲ್ ಹಿಡಿಯಲಾಗದೆ ಅದನ್ನು ಮಾರಿದಿರಿ. ಶಟರು ಬೆರಳುಗಳ ಮೇಲೆ ಬೀಳುವ ಹೊತ್ತಿಗೆ ನಿಮಗೆ ಪ್ರಜ್ಞೆ ತಪ್ಪಿತ್ತು. ಬೆರಳುಗಳೂ ಸರಳಿಗೇ ಹೋದವೆಂದು ನೀವು ನಂಬಿದ್ದೀರಿ.

ಕೈಗೆ ಪಟ್ಟಿ ಕಟ್ಟಿಕೊಂಡೇ ಅಂಗಡಿಗೆ ಬಂದು, ಕೆಮರಾದಲ್ಲಿ ಎಂತಾದರೂ ಉಳಿದಿದೆಯೇ ಎಂದು ನೀವು ಕೇಳಿದಿರಿ. ನಾನು ತಾಂತ್ರಿಕ ಕಾರಣಗಳನ್ನು ವಿವರಿಸಿದೆ — ಬಹಳ ಸ್ಪಷ್ಟವಾಗಿ ವಿವರಿಸಿದೆ. ನೀವು ನನ್ನನ್ನೇ ಸಮಾಧಾನ ಮಾಡಿದಿರಿ. ಆತು ಬಿಡು ತಮಾ, ನೀನೆಂತ ಮಾಡ್ತೆ ಎಂದಿರಿ. ಝೆರಾಕ್ಸ್ ಅಂಗಡಿಯ ಹುಡುಗ ತನ್ನಿಂದಾದಷ್ಟು ಹುಡುಕಿದ ಎಂದು ನೀವು ಪೇಟೆಯಲ್ಲಿ ಹೇಳಿದ್ದೂ ನನ್ನ ಕಿವಿಗೆ ಬಿತ್ತು.

ಕಳೆದ ವಾರ ನೀವು ಇಡಗುಂಜಿ ದೇವಸ್ಥಾನದಿಂದ ಬರುವಾಗ ನನಗೂ ಪಂಚಕಜ್ಜಾಯ ತಂದಿರಿ. ಎಡಗೈ ಚಾಚಿ, ಹಿಂಜರಿದು, ಹೇಳಿದಿರಿ —

"ಎಡಗೈಲಿ ಪ್ರಸಾದ ಕೊಡ್ತೆ ಅಂತ ಬೇಜಾರು ಮಾಡ್ಕಬೇಡ ತಮಾ. ತಪ್ಪಾತು."

ತಪ್ಪಾಯಿತೆಂದು ನೀವು ನನ್ನ ಬಳಿ ಹೇಳಿದಿರಿ. ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡೆ, ನಿಮ್ಮೆದುರೇ ತಿಂದೆ. ಸಿಹಿಯಾಗಿತ್ತು. ಹೇಗೆ ತಿಂದೆನೋ —

ಹೆದರಿಕೆಯಿತ್ತು ಎಂದು ಹೇಳಲಾರೆ. ಶಟರಿನ ಹೊರಗಿದ್ದವರು ನೀವು, ಹೆದರಿಕೆ ನಿಮ್ಮದು. ಕ್ಷಮೆಯನ್ನೂ ಕೇಳುವುದಿಲ್ಲ, ಕೇಳಿದರೆ ಕೊಟ್ಟುಬಿಡುತ್ತೀರಿ. ನಾಳೆ ನಿಮ್ಮ ಮನೆಗೆ ಬಂದು, ಅತ್ತಿಗೆಯವರ ಎದುರಿಗೇ, ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಅಲ್ಲಿಂದ ಠಾಣೆಗೆ ಹೋಗುತ್ತೇನೆ. ಪ್ರಭಾಕರನ ಸರಳಿನ ಮಾತು ಆಮೇಲೆ. ಮೊದಲು ಬೆರಳುಗಳ ಮಾತು — ಎಳೆದದ್ದು ಎರಡು ಸಲ ಎಂಬುದನ್ನೂ, ಎರಡನೆಯ ಸಲ ನನಗೆ ತಿಳಿದಿತ್ತು ಎಂಬುದನ್ನೂ ಬಿಡದೆ.