ದುರ್ಗಕ್ಕನ ಬಹುವಚನ

ದುರ್ಗಕ್ಕ ಯಾರನ್ನಾದರೂ ‘ನೀವು’ ಎಂದು ಕರೆದಳೆಂದರೆ ಅವರ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಉಳಿದಂತೆ ಹೊನ್ನಾವರದ ಮೀನುಪೇಟೆಗೆ ಬರುವ ಸಮಸ್ತರೂ ಅವಳಿಗೆ ಏಕವಚನ. ಡಾಕ್ಟರು, ವಕೀಲರು, ಪೊಲೀಸರು, ಚುನಾವಣೆಯ ಹೊತ್ತಿಗೆ ಕೈಮುಗಿದುಕೊಂಡು ಬರುವವರು, ಎಲ್ಲರೂ ‘ನೀನು’. ಪ್ರೀತಿ ಉಕ್ಕಿದರೆ ‘ನಿನ್ನ ಸುಡ್ಲಿ’. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ಊರೆಲ್ಲ ‘ಮಾಸ್ತರ್ರೆ’ ಎಂದು ದಾರಿ ಬಿಡುತ್ತಿತ್ತು. ಮೀನುಪೇಟೆಯಲ್ಲಿ ಮಾತ್ರ ನನಗೆ ಸಿಗುತ್ತಿದ್ದ ಸ್ವಾಗತ, “ಏ ಮಾಸ್ತರಾ, ಗಾಳಿಗಡ್ಡ ನಿಲ್ಬ್ಯಾಡ, ನೀ ಎಂತ ಗೋಡೆಯಾ?”

ನನ್ನ ಅಮ್ಮ ತೀರಿಕೊಂಡ ಐದನೆಯ ದಿನ, ಕಾಲಿಗೆ ರೂಢಿಯಾದ ದಾರಿಯೆಂದು ಚೀಲ ಹಿಡಿದು ಪೇಟೆಗೆ ಹೋಗಿಬಿಟ್ಟಿದ್ದೆ. ಸೂತಕದವನು ಮೀನಿನ ಮುಂದೆ ನಿಂತಿದ್ದೇನೆಂಬ ಪರಿವೆಯೂ ಇರಲಿಲ್ಲ. ದುರ್ಗಕ್ಕ ನನ್ನನ್ನೊಮ್ಮೆ ನೋಡಿ ಬುಟ್ಟಿಯ ಮೇಲೆ ಗೋಣಿ ಎಳೆದಳು. “ಮಾಸ್ತರ್ರೆ, ನೀವು ಮನೆಗೆ ಹೋಗಿ. ನಿಮಗೆ ಇವತ್ತು ಮೀನಿಲ್ಲ.” ಅಮ್ಮನ ಚಿತೆಗೆ ಕೊಳ್ಳಿ ಇಟ್ಟಾಗಲೂ ಅಳದಿದ್ದವನು ಆ ‘ನೀವು’ ಕೇಳಿ ನಡುಬೀದಿಯಲ್ಲಿ ಅತ್ತೆ. ಸೂತಕ ಕಳೆದು ಮತ್ತೆ ಹೋದಾಗ ಅವಳು ತಲೆಯೆತ್ತದೆ, “ಬಂದ್ಯಾ ಶನಿ? ಚೀಲ ತೊಳ್ದಿದ್ಯಾ?” ಎಂದಳು. ಬದುಕು ಮತ್ತೆ ಹಳಿಗೆ ಬಂದದ್ದು ನನಗೆ ಗೊತ್ತಾದದ್ದು ಹೀಗೆ.

ಅವಳು ಐದು ಅಡಿಯೂ ಇರಲಿಲ್ಲ. ಮಗುಚಿಟ್ಟ ಮೀನಿನ ಕ್ರೇಟಿನ ಮೇಲೆ ಕೂತು, ಮೆಟ್ಟುಗತ್ತಿಯನ್ನು ಕಾಲಲ್ಲಿ ಅದುಮಿಕೊಂಡು ಬಂಗಡೆಯ ತಲೆ ಹಾರಿಸುತ್ತಲೇ ಗಿರಾಕಿಗಳ ಮಾನ ಹಾರಿಸುವಳು. ಆ ಸಾಲಿನ ಹನ್ನೆರಡು ಹೆಂಗಸರಿಗೆ ಅವಳ ಬಾಯಿಯೇ ಬೇಲಿ. ಸಾಲಿಗೆ ಅಡ್ಡವಾಗಿ ಯಾರಾದರೂ ಕಾರು ನಿಲ್ಲಿಸಿದರೆ, “ಬಿಡು ತಮಾ, ಇಲ್ಲೇ ಬಿಡು. ಮೀನಿನ ನೀರು ಚೆಲ್ಲೂಕೆ ನಮಗೂ ಒಂದು ಜಾಗ ಬೇಕಿತ್ತು” ಎನ್ನುವಳು. ಕಾರು ಬಂದ ವೇಗದಲ್ಲೇ ಹಿಂದೆ ಹೋಗುತ್ತಿತ್ತು. ಪಕ್ಕದಲ್ಲಿ ಕೂರುವ ಮಾದೇವಿ ಬಾಯಿಲ್ಲದವಳು. ಗಂಡ ಹೋದ ಮೇಲೆ ಮೊದಲ ದಿನ ಬುಟ್ಟಿ ಇಟ್ಟು ಕೂತವಳಿಗೆ ‘ಬನ್ನಿ’ ಎನ್ನುವುದಕ್ಕೂ ನಾಲಿಗೆ ಏಳಲಿಲ್ಲವಂತೆ. ಏಕವಚನದಿಂದ ಹಿಡಿದು ಎಲ್ಲವನ್ನೂ ದುರ್ಗಕ್ಕನೇ ಅವಳಿಗೆ ಕಲಿಸಿದ್ದು.

ಇಂಥ ಜಾಗಕ್ಕೆ ಜಿನ್ ತಂದವನು ನಾನು. ಕುಡಿಯಲು ತಂದಿದ್ದರೆ ಇಷ್ಟು ಪಾಪ ಸುತ್ತಿಕೊಳ್ಳುತ್ತಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿ ಸ್ಮಿತಾ ಮುಂಬಯಿಯಲ್ಲಿ ಜಾಹೀರಾತಿನ ಕೆಲಸದಲ್ಲಿದ್ದಳು. ಒಂದು ದಿನ ಫೋನು ಮಾಡಿ, ಒಬ್ಬ ಸಿನಿಮಾ ಹೀರೋ ಸ್ವಂತ ಜಿನ್ ಕಂಪನಿ ಮಾಡಿದ್ದಾನೆ, ಸಣ್ಣ ಭಟ್ಟಿಯಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸುವ ದುಬಾರಿ ಮಾಲು, ಅದಕ್ಕೆ ನಮ್ಮ ಕಡೆ ಶರಬತ್ತು ಮಾಡುವ ಮುರುಗಲ, ಅಂದರೆ ಕೋಕಂ, ಸಿಪ್ಪೆ ಹಾಕುತ್ತಾರೆ ಎಂದಳು. ಹೀರೋನ ಹಿಂದಿನ ಮೂರು ಸಿನಿಮಾ ಸಾಲಾಗಿ ಮಲಗಿದ್ದವು. ಹಾಗಾಗಿ ತನ್ನನ್ನೇ ಗೇಲಿ ಮಾಡಿಕೊಂಡು ಮಾರುವುದು ಅವನ ಹೊಸ ಉಪಾಯ. ‘ನನ್ನ ಹಿಂದಿನ ಸಿನಿಮಾಕ್ಕಿಂತ ಇದು ಕೆಟ್ಟದ್ದಿರಲಾರದು’ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಮದ್ಯದ ಜಾಹೀರಾತು ಮಾಡುವಂತಿಲ್ಲವಾದ್ದರಿಂದ ಅದೇ ಹೆಸರಿನ ಸೋಡಾದ ಜಾಹೀರಾತು. ಸೋಡಾ ಎಂದರೆ ಜಿನ್ ಎಂದು ತಿಳಿದು ಕಣ್ಣು ಮಿಟುಕಿಸುವ ಕೆಲಸ ನೋಡುವವರದ್ದು. “ಸರ್, ಹೀರೋಗೆ ಚೆನ್ನಾಗಿ ಬೈಯುವವರು ಬೇಕು. ನಮ್ಮೂರಲ್ಲಿ ಯಾರಾದ್ರೂ ಇದಾರಾ?” ಎಂದು ಕೇಳಿದಳು. ಹೊನ್ನಾವರದಲ್ಲಿ ನೀರಿದೆಯೇ ಎಂದು ಕೇಳಿದ ಹಾಗಿತ್ತು.

ದುರ್ಗಕ್ಕನಿಗೆ ವಿಷಯ ಹೇಳಿದಾಗ ಐಸ್ ಇಳಿಸುತ್ತಿದ್ದ ಭಟ್ಕಳದ ಯೂಸುಫ್ ಭಾಯಿ ಬಾಯಿ ಹಾಕಿದ. “ಜಿನ್ನಾ? ಅಕ್ಕಾ, ಬಾಟ್ಲಿಯೊಳಗೆ ಇರ್ತದೆ. ಮುಚ್ಚಳ ತೆಗೆದ್ರೆ ಹೊರಗೆ ಬಂದು ಹೇಳಿದ್ದೆಲ್ಲ ಮಾಡ್ತದೆ.” ಆ ಜಿನ್ನು ಭೂತ, ಈ ಜಿನ್ನು ಮದ್ಯ ಎಂದು ನಾನು ಪಾಠ ಶುರು ಮಾಡಿದೆ. ಅವಳು ಅರ್ಧಕ್ಕೇ ತಡೆದಳು. “ಮುರುಗಲು ಪಿತ್ತ ಇಳಿಸೂಕೆ. ಅದನ್ನೇ ಹಾಕಿ ಪಿತ್ತ ಏರಿಸೂದು ಮಾಡಿದ್ನಾ? ಬರೂಕೆ ಹೇಳು, ನೋಡ್ವ ಅವನ ಮೋರೆ.”

ಕಂಪನಿಯವರು ಒಂದು ಕಾಗದ ಕಳಿಸಿದರು. ಇಂಗ್ಲಿಷಿನಲ್ಲಿತ್ತು, ಅಕ್ಷರ ಸಾಸಿವೆಯಷ್ಟು. ಪರೀಕ್ಷೆಯ ಪೇಪರು ತಿದ್ದುವ ಅವಸರದಲ್ಲಿದ್ದ ನಾನು ಮೊದಲ ಪುಟ ಓದಿ, “ಎಂತದೂ ಇಲ್ಲ ದುರ್ಗಕ್ಕಾ, ಸಹಿ ಹಾಕು” ಎಂದೆ. ಅವಳು ಮೀನಿನ ಕೈ ಒರೆಸಿಕೊಂಡು ಹಾಕಿದಳು. ಸಾಕ್ಷಿಯ ಜಾಗದಲ್ಲಿ ನಾನೂ ಠೀವಿಯಿಂದ ಗೀಚಿದೆ.

ಶೂಟಿಂಗಿನ ದಿನ ಪೇಟೆಗೆ ಪೇಟೆಯೇ ನೆರೆದಿತ್ತು. ಮುಂಬಯಿಯವರು ಬರೆದುಕೊಂಡು ಬಂದ ಮಾತು, ‘ಏಯ್ ಹೀರೋ, ನಿನ್ನ ಸಿನಿಮಾನೂ ನೀರು, ನಿನ್ನ ಜಿನ್ನೂ ನೀರು.’ ದುರ್ಗಕ್ಕ ಅದನ್ನು ಹನ್ನೊಂದು ಸಲ ಹೇಳಿದಳು. ಹನ್ನೊಂದು ಸಲವೂ ಒಂದನೇ ಇಯತ್ತೆಯ ಮಗು ಮಗ್ಗಿ ಒಪ್ಪಿಸಿದ ಹಾಗೇ ಇತ್ತು. “ಸಿಟ್ಟು ಬರ್ದೆ ಬೈಯೂದು ಹೆಂಗೋ ಮಾಸ್ತರಾ? ಹಸಿವಿಲ್ದೆ ಉಂಡಾಂಗೆ ಆತು ಇದು” ಎಂದು ನನ್ನ ಮೇಲೇ ಹರಿಹಾಯ್ದಳು. ಅಷ್ಟರಲ್ಲಿ ಬೇಸರ ಬಂದ ಹೀರೋ ಹೆಬ್ಬೆರಳಿನಿಂದ ಒಂದು ಬಂಗಡೆಯ ಹೊಟ್ಟೆ ಒತ್ತಿದ.

“ಕೈ ತೆಗಿ! ಹಿಚುಕೂಕೆ ಅದೆಂತ ನಿನ್ನ ಮಾವನ ಕೆನ್ನೆಯಾ? ನೀ ಮೀನಿನ ಕಣ್ಣು ನೋಡ್ತೆ, ಕಿವಿರು ನೋಡ್ತೆ, ನಿನ್ನ ಮೋರೆ ಕನ್ನಡೀಲಿ ನೋಡ್ಕಂಡಿದ್ಯಾ? ಬೆಳಿಗ್ಗಿಂದ ನಾಕು ಜನ ಬಣ್ಣ ಬಳೀತೇ ಇದಾರೆ, ಇನ್ನೂ ಮುಗೀಲಿಲ್ಲ. ಇದು ಸತ್ತು ಮೂರು ತಾಸಾದ್ರೂ ಹೆಂಗೆ ಹೊಳೀತದೆ ನೋಡು. ನಿನಗಿಂತ ಬಂಗಡೆನೇ ತಾಜಾ!”

ಕ್ಯಾಮೆರಾ ಓಡುತ್ತಲೇ ಇತ್ತು. ಅವಳೂ ಓಡಿದಳು. ಕೊನೆಗೆ ಉಸಿರು ತೆಗೆದುಕೊಂಡು, “ನಾ ಮಾರೂ ಮೀನು ನಾ ತಿಂತೆ. ನೀ ಮಾರೂದು ನೀ ಕುಡಿತ್ಯಾ?” ಎಂದು ಕೇಳಿದಳು. ಹೀರೋ ಪೆಚ್ಚಾಗಿ ನಕ್ಕ. ಮೈಕಟ್ಟು ಹಾಳಾಗುತ್ತದೆಂದು ಅವನು ಅದನ್ನು ಮುಟ್ಟುವುದೇ ಇಲ್ಲವೆಂದು ಸ್ಮಿತಾ ಆಮೇಲೆ ಹೇಳಿದಳು. ಜಾಹೀರಾತಿನಲ್ಲಿ ಸೇರದೇ ಹೋದದ್ದು ಆ ಪ್ರಶ್ನೆ ಒಂದೇ.

ಆ ಬೈಗುಳಗಳಲ್ಲಿ ಹದಿನಾಲ್ಕನ್ನು ಆರಿಸಿ ಬಾಟಲಿಯ ಬೆನ್ನಿಗೆ ಅಚ್ಚು ಹಾಕಿದರು. ಬಾಟಲಿಗೊಂದು ಬೈಗುಳ, ಕೆಳಗೆ ನನ್ನ ಇಂಗ್ಲಿಷ್ ಅನುವಾದ. ಅನುವಾದದಲ್ಲಿ ಬಂಗಡೆಯೂ ಸತ್ತಿತ್ತು, ಬೈಗುಳವೂ ಸತ್ತಿತ್ತು. ಆದರೂ ನಾನು ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ತಿರುಗಿದೆ. ಕುಮಟಾದ ವೈನ್ ಶಾಪಿನಲ್ಲಿ ಜನ ‘ಮಾವನ ಕೆನ್ನೆ ಒಂದು ಕೊಡಿ’ ಎಂದು ಕೇಳಿ ಒಯ್ಯುತ್ತಿದ್ದರಂತೆ. ದುರ್ಗಕ್ಕನಿಗೂ ಒಂದು ಬಾಟಲಿ ಬಂತು. ಒಳಗಿದ್ದದ್ದರಲ್ಲಿ ಅವಳು ಮೆಟ್ಟುಗತ್ತಿ ತೊಳೆದು, “ವಾಸನೆ ಚೊಲೋ ಹೋತದೆ, ಅಡ್ಡಿಲ್ಲ” ಎಂದು ಪ್ರಮಾಣಪತ್ರ ಕೊಟ್ಟಳು. ಬಾಟಲಿಯಲ್ಲಿ ತೆಂಗಿನೆಣ್ಣೆ ತುಂಬಿಟ್ಟಳು.

ಆಮೇಲೆ ಜನ ಬೈಸಿಕೊಳ್ಳಲು ಬರತೊಡಗಿದರು. ಅಪ್ಸರಕೊಂಡದ ಜಲಪಾತಕ್ಕೆ ಹೊರಟವರು ದಾರಿ ಬಿಟ್ಟು ಮೀನುಪೇಟೆಗೆ ಬಂದು, ಸಾಲಿಗೆ ಅಡ್ಡವಾಗಿ ಕಾರು ನಿಲ್ಲಿಸಿ, “ಅಕ್ಕಾ, ಬಂಗಡೆದು ಹೇಳಿ” ಎಂದು ಫೋನು ಹಿಡಿಯುತ್ತಿದ್ದರು. ಅವಳು ಸಿಟ್ಟಿನಿಂದಲೇ ಬೈಯುವಳು. ಅವರು ಚಪ್ಪಾಳೆ ಹೊಡೆಯುವರು. “ಗಾಡಿ ತೆಗಿಯೋ, ಹಿಂದೆ ಹೆಂಗಸ್ರು ಕೂತಿದಾರೆ” ಎಂದು ಕೂಗಿದರೆ ಅದಕ್ಕೂ ನಗು, “ಒನ್ಸ್ ಮೋರ್.” ಒಂದು ದಿನ ಮೂರು ಕಾರುಗಳ ಹಿಂದೆ ಸಿಕ್ಕಿಕೊಂಡ ಮಾದೇವಿಯ ತಾರ್ಲೆ ಮೀನು ಯಾರ ಕಣ್ಣಿಗೂ ಬೀಳದೆ ಮಧ್ಯಾಹ್ನದ ಹೊತ್ತಿಗೆ ಕೆಟ್ಟುಹೋಯಿತು. ಮಾದೇವಿ ಬುಟ್ಟಿಯನ್ನು ಹೊಳೆಗೆ ಸುರಿದು ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದುರ್ಗಕ್ಕ ಅವಳನ್ನೇ ನೋಡುತ್ತ ಕೂತಿದ್ದಳು. ನಾನೂ ಅಲ್ಲೇ ಇದ್ದೆ. ದುರ್ಗಕ್ಕನ ಬಾಯಿಯ ಬೇಲಿ ಬಿದ್ದುಹೋಗಿತ್ತು.

ಮರುದಿನ ಅವಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆ ಕಾಗದವನ್ನು ನನ್ನ ಮುಂದೆ ಹಿಡಿದಳು. “ಓದು. ಪೂರಾ ಓದು.” ಓದಿದೆ. ಮೂರನೆಯ ಪುಟದಲ್ಲಿ, ಆಕೆ ಮಾರುಕಟ್ಟೆಯಲ್ಲಿ ಆಡಿದ, ಆಡುವ ಮತ್ತು ಮುಂದೆ ಆಡಬಹುದಾದ ಇಂಥ ಎಲ್ಲ ಬೈಗುಳದ ಮಾತುಗಳೂ ಕಂಪನಿಯ ಸ್ವತ್ತು ಎಂದಿತ್ತು. ಅದನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ.

“ನಾಳೆ ಆಡೂದೂ?”

“ಹೌದು ದುರ್ಗಕ್ಕಾ.”

“ನಾನೇ ಇನ್ನೂ ಆಡ್ಲಿಲ್ಲ. ಅದು ಆಗ್ಲೇ ಅವಂದಾ?”

ಅವಳು ಕಾಗದವನ್ನು ಮಡಚಿದಳು. “ಆತು. ನೀವು ಮನೆಗೆ ಹೋಗಿ ಮಾಸ್ತರ್ರೆ.”

ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಹಾಗಾದರೆ ಸತ್ತವನು ನಾನೇ ಎಂದುಕೊಂಡು ಖಾಲಿ ಚೀಲದೊಂದಿಗೆ ಹಿಂತಿರುಗಿದೆ. ಬೆನ್ನ ಹಿಂದೆ ಅವಳು ಐಸಿನವನಿಗೆ ಹೇಳುತ್ತಿದ್ದಳು, “ಯೂಸುಫಾ, ನಿನ್ನ ಜಿನ್ನು ಬಾಟ್ಲಿಂದ ಹೊರಗೆ ಬತ್ತದೆ. ನನ್ನ ಬಾಯಿ ಬಾಟ್ಲಿ ಒಳಗೆ ಹೋತು.” ಅವನನ್ನು ಏಕವಚನದಲ್ಲಿ ಕರೆದದ್ದೂ ಅದೇ ಕೊನೆ.

ಅಂದಿನಿಂದ ದುರ್ಗಕ್ಕ ಎಲ್ಲರಿಗೂ ಬಹುವಚನ ಹಚ್ಚಿದಳು. “ಬನ್ನಿ, ಕೂತ್ಕಣಿ, ಬಿಸಿಲು ಜಾಸ್ತಿ ಅಲ್ವಾ? ಗಾಡಿ ಸ್ವಲ್ಪ ಆಚೆ ಇಡ್ತ್ರಾ?” ಬೈಸಿಕೊಳ್ಳಲು ಬಂದವರು ಸೂತಕದ ಮನೆಗೆ ಬಂದವರಂತೆ ಮುಖ ಮುಖ ನೋಡಿಕೊಂಡು ಹೊರಟುಹೋದರು. ತಿಂಗಳೊಳಗೆ ಕಾರುಗಳು ನಿಂತವು. ಮಾದೇವಿಯ ತಾರ್ಲೆ ಮೊದಲಿನಂತೆ ಖರ್ಚಾಗತೊಡಗಿತು. ಪೇಟೆ ಉಳಿಯಿತು, ಆದರೆ ಅಲ್ಲಿ ಮೀನು ಕೊಳ್ಳುವುದು ಆಸ್ಪತ್ರೆಯಲ್ಲಿ ಔಷಧಿ ಕೊಂಡಷ್ಟೇ ಸುಖ. ನಾನು ಏಕವಚನಕ್ಕಾಗಿ ಮಾಡದ ಉಪಾಯವಿಲ್ಲ. ಗಾಳಿಗೆ ಅಡ್ಡ ನಿಂತೆ. ನಾಚಿಕೆ ಬಿಟ್ಟು ಚೌಕಾಸಿ ಮಾಡಿದೆ. ಒಂದು ದಿನ ಬಂಗಡೆಯ ಹೊಟ್ಟೆಯನ್ನೂ ಹಿಚುಕಿದೆ. “ಹಿಚುಕಿ ಮಾಸ್ತರ್ರೆ, ನಿಮ್ಮದೇ ಮೀನು” ಎಂದಳು.

ಮುಂದಿನ ವರ್ಷ ಕಂಪನಿಯವರು ಹೊಸ ಬೈಗುಳಗಳಿಗಾಗಿ ಮತ್ತೆ ಬಂದರು. ಹೀರೋ ಈ ಸಲ ಬೇಕೆಂದೇ ಮೂರು ಮೀನು ಒತ್ತಿದ, ಐಸು ಚೆಲ್ಲಿದ, ಬುಟ್ಟಿ ಒದ್ದ. ದುರ್ಗಕ್ಕ ಸೆರಗಿನಿಂದ ಅವನ ಕೈ ಒರೆಸಿದಳು. “ಪಾಪ, ನೀವು ದೂರದಿಂದ ಬಂದೋರು. ದಣಿದಿದೀರಿ.” ಅವನನ್ನು ‘ನೀವು’ ಎನ್ನುವವರು ಮುಂಬಯಿಯಲ್ಲೇ ಲಾರಿಗಟ್ಟಲೆ ಇದ್ದಾರೆ. ಸಂಜೆಯವರೆಗೆ ಕಾದು, ಒಂದೇ ಒಂದು ಬೈಗುಳ ಸಿಗದೆ, ಅವಳು ಪುಕ್ಕಟೆ ಕಟ್ಟಿಕೊಟ್ಟ ಬಂಗಡೆಯ ಪೊಟ್ಟಣ ಹಿಡಿದುಕೊಂಡು ಅವರು ಹೊರಟರು. ಅಷ್ಟು ಮರ್ಯಾದೆಯಿಂದ ಯಾರ ಮರ್ಯಾದೆ ಹೋದದ್ದನ್ನೂ ನಾನು ನೋಡಿಲ್ಲ.

ಅವರು ಹೋದ ಮೇಲೆ ನಾನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. “ದುರ್ಗಕ್ಕಾ, ತಪ್ಪಾತು. ನಾನು ಓದದೇ ಸಹಿ ಹಾಕಿಸಿದೆ.” ಅವಳು ಮೆಟ್ಟುಗತ್ತಿ ಒರೆಸಿ ಬದಿಗಿಟ್ಟಳು. ಆಮೇಲೆ ಕೈ ಚಾಚಿದಳು. “ಫೋನು ಕೊಡಿ.” ಕೊಟ್ಟೆ. ಅದನ್ನು ಮಾದೇವಿಯ ಖಾಲಿ ಬುಟ್ಟಿಯಲ್ಲಿ ಹಾಕಿಸಿ, ಮೇಲೆ ಗೋಣಿ ಹೊದೆಸಿ, ಆಚೀಚೆ ನೋಡಿ, ನನ್ನ ಕಿವಿ ಹಿಡಿದು ಹತ್ತಿರ ಎಳೆದಳು. ಒಂದು ವರ್ಷದಿಂದ ತಡೆದಿಟ್ಟದ್ದೆಲ್ಲ ಪಿಸುದನಿಯಲ್ಲಿ ನನ್ನ ಕಿವಿಗೆ ಇಳಿಯಿತು. ನನ್ನ ಇಂಗ್ಲಿಷು, ನನ್ನ ಸಹಿ, ನನ್ನ ಮೂಗು, ನನ್ನ ಅವಸರ, ಒಂದನ್ನೂ ಬಿಡಲಿಲ್ಲ. ಮೊದಲ ಪದ ‘ನೀನು’. ಮುಂದಿನದನ್ನು ಇಲ್ಲಿ ಬರೆಯುವುದಿಲ್ಲ. ನಾನು ಅಳುತ್ತ ನಗುತ್ತಿದ್ದೆ. ಅವಳು ಕಿವಿ ಬಿಟ್ಟು, “ಹೋಗು, ನೀ ದಾರಿಗಡ್ಡ ಕೂತ್ಕಂಡಿದೆ” ಎಂದಳು.

ಆ ವರ್ಷ ಮಳೆ ಬಿಟ್ಟು ದೋಣಿಗಳು ಮತ್ತೆ ಕಡಲಿಗೆ ಇಳಿದ ವಾರವೇ ದುರ್ಗಕ್ಕ ಹೋದಳು. ಬೆಳಿಗ್ಗೆ ಎದೆನೋವು ಎಂದಳಂತೆ, ಆಸ್ಪತ್ರೆ ಮುಟ್ಟಲಿಲ್ಲ. ಹೀರೋ ಅವಳ ಫೋಟೋದ ಕೆಳಗೆ ಬಂಗಡೆಯ ಮಾತು ಬರೆದು ಎಲ್ಲ ಕಡೆ ಹಾಕಿದ. ಸ್ಮಿತಾ ಫೋನು ಮಾಡಿ ನಿಜವಾಗಿಯೂ ಅತ್ತಳು. ಆಮೇಲೆ, ದುರ್ಗಕ್ಕನ ನೆನಪಿಗೆ ಕಂಪನಿಯವರು ಒಂದು ಬಾಟಲಿ ಮಾಡುತ್ತಾರೆಂದು ಹೇಳಿ, “ಸರ್, ನಿಮಗೆ ಕೊನೆಗೆ ಏನಾದ್ರೂ ಹೊಸದು ಹೇಳಿದ್ರಾ?” ಎಂದಳು.

“ಇಲ್ಲ” ಎಂದೆ. ಮಾಸ್ತರಿಕೆ ಶುರು ಮಾಡಿದ ಮೇಲೆ ನಾನು ಅಷ್ಟು ಖುಷಿಯಿಂದ ಸುಳ್ಳು ಹೇಳಿದ್ದು ಅದೇ ಮೊದಲು.

ಫೋನಿಟ್ಟು ಚೀಲ ಹಿಡಿದು ಪೇಟೆಗೆ ಹೋದೆ. ಮಗುಚಿಟ್ಟ ಕ್ರೇಟಿನ ಮೇಲೆ ಯಾರೂ ಕೂತಿರಲಿಲ್ಲ. ಪಕ್ಕದಲ್ಲಿ ಮಾದೇವಿ ಇದ್ದಳು. ದುರ್ಗಕ್ಕ ಕಲಿಸಿದಂತೆ ನಿನ್ನೆ ಮೊನ್ನೆಯವರೆಗೂ ನನ್ನನ್ನು ‘ಏ ಮಾಸ್ತರಾ’ ಎಂದೇ ಕೂಗುತ್ತಿದ್ದವಳು. ಬುಟ್ಟಿಯ ತುಂಬ ಬಂಗಡೆ ಹೊಳೆಯುತ್ತಿತ್ತು. ನಾನು ಚೀಲ ಬಿಡಿಸಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಬುಟ್ಟಿಯ ಮೇಲೆ ಗೋಣಿ ಎಳೆದಳು.

“ಮಾಸ್ತರ್ರೆ, ನೀವು ಮನೆಗೆ ಹೋಗಿ. ನಿಮಗೆ ಇವತ್ತು ಮೀನಿಲ್ಲ.”